ಕ್ಯಾನ್ಸರ್ ಹೋಯಿತು, ಬಾಟಲಿ ಏಕೆ ಉಳಿಯಿತು?

ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಿರಾಣಿ ಅಂಗಡಿ ನಡೆಸುವ ಗೃಹಸ್ಥರೊಬ್ಬರು ಕಳೆದ ಶ್ರಾವಣದ ಒಂದು ಸಂಜೆ ನನ್ನ ಕಚೇರಿಗೆ ಬಂದರು. ಅವರ ಮಗನೂ ನನ್ನ ಮಗಳೂ ಒಂದೇ ಕನ್ನಡ ಶಾಲೆಯ ವಿದ್ಯಾರ್ಥಿಗಳು. ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಗಳಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತವರು. ಅಂದು ಅವರ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಮುಂಬಯಿಯ ಆಸ್ಪತ್ರೆಯದು. ಹದಿನಾರು ವರ್ಷದ ಹಿರಿಯ ಮಗಳ ರಕ್ತದಲ್ಲಾಗಲಿ ಅಸ್ಥಿಮಜ್ಜೆಯಲ್ಲಾಗಲಿ ಈಗ ಕ್ಯಾನ್ಸರ್ ಕಣಗಳು ಕಾಣುತ್ತಿಲ್ಲವೆಂದು ಅದರಲ್ಲಿ ಬರೆದಿತ್ತು. ಇನ್ನೊಂದು ವಿಮಾ ಕಂಪನಿಯದು. ಆ ಮಗುವಿಗೆ ನಾಲ್ಕು ವಾರಕ್ಕೊಮ್ಮೆ ನೀಡುತ್ತಿರುವ ಔಷಧವು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ ಪೂರಕ ದ್ರವ್ಯವೇ ಹೊರತು ಚಿಕಿತ್ಸೆಯಲ್ಲ, ಆದ್ದರಿಂದ ಅದರ ಹಣ ಪಾವತಿಸಲಾಗದು ಎಂಬುದು ಅದರ ಸಾರಾಂಶ.

"ವಕೀಲ್ರ, ಕ್ಯಾನ್ಸರ್ ಹೋಗೇದ ಅಂತ ಡಾಕ್ಟರೇ ಬರದು ಕೊಟ್ಟಾರ. ಹಂಗಿದ್ರ ಈ ಬಾಟ್ಲಿ ಯಾತಕ್ಕ ಹಚ್ತಾರ? ವಿಮಾದವ್ರೂ ಅದನ್ನ ಕೇಳ್ಲಿಕತ್ತಾರ. ನನಗರ ಏನ್ ಹೇಳ್ಬೇಕು ತಿಳೀವಲ್ದು," ಎಂದರು ಅವರು.

ನನಗೂ ತಿಳಿದಿರಲಿಲ್ಲ. ಕಾನೂನಿನ ಉತ್ತರ ಬರೆಯುವ ಮೊದಲು ವೈದ್ಯಕೀಯದ ಉತ್ತರ ಬೇಕಾಗಿತ್ತು. ಅದಕ್ಕಾಗಿ ಆ ಮಗುವಿನ ವೈದ್ಯರೊಡನೆ ಎರಡು ಬಾರಿ ಮಾತನಾಡಿದೆ, ಓದಬೇಕಾದುದನ್ನು ಓದಿದೆ. ಹೆಸರು, ಊರು ಬಿಟ್ಟು ಬರೆಯಲು ಆ ಕುಟುಂಬ ಒಪ್ಪಿದ್ದರಿಂದ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮ ಶಾಲೆಗಳ ಕುಟುಂಬಗಳಲ್ಲಿ ಇಂಥ ಬಾಟಲಿ ಇನ್ನೂ ಕೆಲವು ಮನೆಗಳನ್ನು ಪ್ರವೇಶಿಸಿರಬಹುದು. ಮುಂದಿನ ವರ್ಷಗಳಲ್ಲಿ ಮತ್ತಷ್ಟು ಮನೆಗಳನ್ನು ಪ್ರವೇಶಿಸುವುದಂತೂ ಖಂಡಿತ.

ಆ ಮಗುವಿಗೆ ಬಂದಿದ್ದುದು ಬಿ ಕಣಗಳ ರಕ್ತ ಕ್ಯಾನ್ಸರ್. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಬಿ ಕಣ, ಟಿ ಕಣ ಎಂಬ ಎರಡು ಬಗೆಗಳಿವೆ. ಟಿ ಕಣಗಳು ತಾವೇ ಮುನ್ನುಗ್ಗಿ ಕಾದಾಡುವ ಕಾಲಾಳುಗಳು. ಬಿ ಕಣಗಳು ಬಲಿತು ಪ್ರತಿಕಾಯಗಳೆಂಬ ಅಸ್ತ್ರಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಈ ಪ್ರತಿಕಾಯಗಳಿಗೇ ಇಮ್ಯುನೊಗ್ಲಾಬ್ಯುಲಿನ್ ಎಂದು ಹೆಸರು. ಅವುಗಳಲ್ಲಿ ಪ್ರಮಾಣದಲ್ಲಿ ಹೆಚ್ಚಿನದೂ ರಕ್ತದಲ್ಲಿ ಬಹುಕಾಲ ಉಳಿಯುವುದೂ ಐಜಿಜಿ. ಕೀಮೋಥೆರಪಿ ಮುಗಿದ ಮೇಲೂ ರೋಗ ಮರುಕಳಿಸಿದಾಗ ವೈದ್ಯರು ಕಾರ್-ಟಿ ಚಿಕಿತ್ಸೆಯನ್ನು ಸೂಚಿಸಿದರು. ರೋಗಿಯ ಟಿ ಕಣಗಳನ್ನೇ ಹೊರತೆಗೆದು, ಪ್ರಯೋಗಾಲಯದಲ್ಲಿ ಅವಕ್ಕೆ ಹೊಸ ಜೀನು ಸೇರಿಸಿ, ಸಂಖ್ಯೆ ಹೆಚ್ಚಿಸಿ, ಮರಳಿ ದೇಹಕ್ಕೆ ಬಿಡುವ ಚಿಕಿತ್ಸೆ ಇದು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಹಯೋಗದಿಂದ ರೂಪುಗೊಂಡ ನೆಕ್ಸ್‌ಕಾರ್19 ಎಂಬ ದೇಶೀಯ ಕಾರ್-ಟಿಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಐಐಟಿ ಬಾಂಬೆಯಲ್ಲಿ ಅದನ್ನು ಲೋಕಾರ್ಪಣೆ ಮಾಡಿದರು. ವಿದೇಶದಲ್ಲಿ ಕೋಟಿಗಳ ಲೆಕ್ಕದಲ್ಲಿದ್ದ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿಯಿತು. ಹಾಗೆಂದು ಕಿರಾಣಿ ಅಂಗಡಿಯವರಿಗೆ ಅದು ಸಣ್ಣ ಮೊತ್ತವಲ್ಲ. ಎರಡು ಎಕರೆ ಹೊಲ ಹೋಯಿತು; ಉಳಿದದ್ದನ್ನು ದಾನಿ ಸಂಸ್ಥೆಗಳು ತುಂಬಿದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಸ ಜೀನು ಪಡೆದ ಟಿ ಕಣಕ್ಕೆ ಶತ್ರುವನ್ನು ಗುರುತಿಸಲು ಒಂದು ಚಿಹ್ನೆ ಬೇಕು. ಬಿ ಕಣಗಳ ಮೈಮೇಲಿರುವ ಸಿಡಿ19 ಎಂಬ ಅಣುವೇ ಆ ಚಿಹ್ನೆ. ಆದರೆ ಆ ಚಿಹ್ನೆ ಕ್ಯಾನ್ಸರ್ ತಗುಲಿದ ಬಿ ಕಣದ ಮೇಲೂ ಇದೆ, ಆರೋಗ್ಯವಂತ ಬಿ ಕಣದ ಮೇಲೂ ಇದೆ. ಟಿ ಕಣ ಒಳ್ಳೆಯದು, ಕೆಟ್ಟದ್ದು ಎಂದು ವಿಚಾರಣೆ ನಡೆಸುವುದಿಲ್ಲ. ಗುರುತು ಕಂಡಲ್ಲೆಲ್ಲ ಹೊಡೆಯುತ್ತದೆ. ಹೀಗಾಗಿ ಚಿಕಿತ್ಸೆ ಫಲಿಸಿದರೆ ಕ್ಯಾನ್ಸರಿನೊಂದಿಗೆ ಪ್ರತಿಕಾಯ ತಯಾರಿಸುವ ಕಾರ್ಖಾನೆಯೂ ಮುಚ್ಚುತ್ತದೆ. ಇದು ಯಾರದೋ ಅಜಾಗರೂಕತೆಯ ಫಲವಲ್ಲ, ಚಿಕಿತ್ಸೆ ಕೆಲಸ ಮಾಡುವ ಬಗೆಯೇ ಹಾಗೆ. ಪ್ರತಿಕಾಯ ತಯಾರಿಸುತ್ತ ಬಹುಕಾಲ ಬಾಳುವ ಕೆಲವು ಹಳೆಯ ಕಣಗಳ ಮೇಲೆ ಸಿಡಿ19 ಇರುವುದಿಲ್ಲವಾದ್ದರಿಂದ ಅವು ಬದುಕಿ ಉಳಿಯುತ್ತವೆ. ವಯಸ್ಕರಲ್ಲಿ ಅಂಥ ಸಂಗ್ರಹ ಹೆಚ್ಚು, ಮಕ್ಕಳಲ್ಲಿ ಕಡಿಮೆ. ಆದ್ದರಿಂದಲೇ ಚಿಕ್ಕವರಿಗೆ ಈ ಕೊರತೆ ಹೆಚ್ಚು ಬಾಧಿಸುತ್ತದೆ.

ವೈದ್ಯರು ಹೇಳಿದ ಮುಂದಿನ ಮಾತು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಚಿಕಿತ್ಸೆಯ ಮೊದಲ ಆರು ತಿಂಗಳಲ್ಲಿ ಬಿ ಕಣಗಳು ಮತ್ತೆ ಕಾಣಿಸಿಕೊಂಡರೆ ಅವರಿಗೆ ಚಿಂತೆಯಂತೆ; ಕಾವಲಿಗಿಟ್ಟ ಟಿ ಕಣಗಳು ಕ್ಷೀಣಿಸಿವೆ, ಕ್ಯಾನ್ಸರಿಗೂ ದಾರಿ ತೆರೆದಿರಬಹುದು ಎಂಬುದು ಅದರ ಸೂಚನೆ. ಬಿ ಕಣಗಳು ಇಲ್ಲದಿರುವುದೇ ಸದ್ಯಕ್ಕೆ ಶುಭವಾರ್ತೆ. ಅಂದರೆ ಆ ತಂದೆ ಪ್ರತಿ ಬಾರಿ ರಕ್ತಪರೀಕ್ಷೆಯ ವರದಿ ಬಿಡಿಸುವಾಗ ಸೊನ್ನೆಯನ್ನೇ ಹಾರೈಸಬೇಕು. ಆ ಸೊನ್ನೆ ಬಂದಷ್ಟು ಕಾಲವೂ ಬಾಟಲಿಯ ಹಣವನ್ನು ಹೊಂದಿಸುತ್ತಿರಬೇಕು. ಕ್ಯಾನ್ಸರ್ ಹೋಗಿರುವುದಕ್ಕೂ ಬಾಟಲಿ ಉಳಿದಿರುವುದಕ್ಕೂ ಕಾರಣ ಒಂದೇ. ವಿಮಾ ಕಂಪನಿಗೆ ಬರೆದ ಉತ್ತರದಲ್ಲಿ ನಾನು ಮೊದಲ ವಾಕ್ಯವಾಗಿ ಬರೆದದ್ದು ಇದನ್ನೇ.

ಈ ಔಷಧಕ್ಕೆ ದೊಡ್ಡ ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡಿನ ಎಡ್ವಿನ್ ಕೋನ್ ಎಂಬ ವಿಜ್ಞಾನಿ ಗಾಯಗೊಂಡ ಸೈನಿಕರಿಗಾಗಿ ರಕ್ತದ ಪ್ಲಾಸ್ಮಾವನ್ನು ಆಲ್ಕೋಹಾಲಿನ ನೆರವಿನಿಂದ ಬೇರೆ ಬೇರೆ ಅಂಶಗಳಾಗಿ ವಿಂಗಡಿಸುವ ಕ್ರಮ ರೂಪಿಸಿದರು. ಸೈನ್ಯಕ್ಕೆ ಬೇಕಾಗಿದ್ದುದು ಆಲ್ಬುಮಿನ್. ಜೊತೆಯಲ್ಲಿ ದೊರೆತದ್ದು ಪ್ರತಿಕಾಯಗಳ ಅಂಶವಾದ ಗಾಮಾ ಗ್ಲಾಬ್ಯುಲಿನ್. 1952ರಲ್ಲಿ ಅಮೆರಿಕದ ಸೈನ್ಯದ ವಾಲ್ಟರ್ ರೀಡ್ ಆಸ್ಪತ್ರೆಯ ಮಕ್ಕಳ ವೈದ್ಯ ಆಗ್ಡೆನ್ ಬ್ರೂಟನ್ ಅವರ ಬಳಿಗೆ ಪದೇ ಪದೇ ರಕ್ತದ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನೊಬ್ಬ ಬಂದಿದ್ದ. ಅವನ ರಕ್ತಸಾರದಲ್ಲಿ ಗಾಮಾ ಗ್ಲಾಬ್ಯುಲಿನ್ ಇರಲೇ ಇಲ್ಲ. ತಿಂಗಳಿಗೊಮ್ಮೆ ಚರ್ಮದಡಿ ಅದನ್ನು ಚುಚ್ಚಿದಾಗ ಸೋಂಕುಗಳು ನಿಂತವು. ಆ ಕೊರತೆಗೆ ಕಾರಣವಾದ ಜೀನನ್ನು 1993ರಲ್ಲಿ ಗುರುತಿಸಿ ಅದಕ್ಕೆ ಬ್ರೂಟನ್ ಹೆಸರನ್ನೇ ಇಟ್ಟರು. ಆ ಜೀನು ತಯಾರಿಸುವ ಕಿಣ್ವವನ್ನು ಬೇಕೆಂದೇ ತಡೆಯುವ ಐಬ್ರೂಟಿನಿಬ್ ಎಂಬ ಮಾತ್ರೆ ಈಗ ಬಿ ಕಣಗಳ ಕೆಲವು ಕ್ಯಾನ್ಸರುಗಳಿಗೆ ಔಷಧ. ಅಂದು ರೋಗಕ್ಕೆ ಕಾರಣವಾಗಿದ್ದ ಕೊರತೆಯೇ ಇಂದು ಚಿಕಿತ್ಸೆಯ ಅಸ್ತ್ರವಾಗಿದೆ. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಈ ಬಗೆಯ ಕಾರ್-ಟಿ ಪಡೆದ ಮೊದಲ ಮಗು ಎಮಿಲಿ ವೈಟ್‌ಹೆಡ್ ಗುಣಮುಖಳಾದ ಸುದ್ದಿ ಜಗತ್ತೆಲ್ಲ ಹಬ್ಬಿತು. ಆ ಮೇಲೆಯೂ ಆಕೆಗೆ ಇಮ್ಯುನೊಗ್ಲಾಬ್ಯುಲಿನ್ ಬೇಕಾಯಿತೆಂಬುದು ಅಷ್ಟಾಗಿ ಹಬ್ಬಲಿಲ್ಲ.

ಬಾಟಲಿಯಲ್ಲಿರುವುದಾದರೂ ಏನು? ಅದು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ಕಟ್ಟಿದ ವಸ್ತುವಲ್ಲ. ಅದು ಮನುಷ್ಯರು ಕೊಟ್ಟ ಪ್ಲಾಸ್ಮಾದಿಂದ ಬಂದದ್ದು. ಒಂದೊಂದು ತಂಡದ ಔಷಧಕ್ಕೆ ಕನಿಷ್ಠ ಸಾವಿರ ದಾನಿಗಳ ಪ್ಲಾಸ್ಮಾ ಸೇರಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಹಲವರದು ಸೇರಿದಷ್ಟೂ ಹಲವು ರೋಗಗಳ ನೆನಪು ಅದರಲ್ಲಿ ಸೇರುತ್ತದೆ. ಯಾರಿಗೋ ಬಾಲ್ಯದಲ್ಲಿ ಅಮ್ಮ ಎದ್ದಿದ್ದಳು, ಯಾರಿಗೋ ದಡಾರ ಬಂದಿತ್ತು, ಮತ್ತಾರೋ ಲಸಿಕೆ ಹಾಕಿಸಿಕೊಂಡಿದ್ದರು; ಅವರೆಲ್ಲರ ಪ್ರತಿಕಾಯಗಳು ಈ ಹುಡುಗಿಯ ರಕ್ತನಾಳದಲ್ಲಿ ಕಾವಲು ಕಾಯುತ್ತವೆ. ಗರ್ಭದಲ್ಲಿರುವ ಕೂಸಿಗೆ ತಾಯಿಯ ಐಜಿಜಿ ಹರಿದುಬಂದು ಹುಟ್ಟಿದ ಮೊದಲ ತಿಂಗಳುಗಳಲ್ಲಿ ರಕ್ಷಿಸುವುದನ್ನು ನಾವೆಲ್ಲ ಬಲ್ಲೆವು; ಇದೂ ಅಂಥದ್ದೇ ಎರವಲು. ಎರವಲಿಗೆ ಅವಧಿ ಇರುತ್ತದೆ. ಸುಮಾರು ಮೂರು ವಾರಗಳಲ್ಲಿ ಅದರ ಅರ್ಧ ಕರಗುತ್ತದೆ. ಆದ್ದರಿಂದಲೇ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡಬೇಕು.

ಪ್ರಮಾಣವನ್ನು ತೂಕದ ಮೇಲೆ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 400ರಿಂದ 600 ಮಿಲಿಗ್ರಾಂ. ಈ ಹುಡುಗಿಯ ತೂಕ 38 ಕಿಲೋ. 400ರಂತೆ ಲೆಕ್ಕ ಹಾಕಿದರೆ 15 ಗ್ರಾಂ ಆಗುತ್ತದೆ. ಅಂದರೆ 5 ಗ್ರಾಮಿನ ಮೂರು ಬಾಟಲಿ. ಮಗು ಬೆಳೆದಂತೆ ಬಾಟಲಿಯೂ ಬೆಳೆಯುತ್ತದೆ. ಮಗಳು ದಪ್ಪಗಾದಳೆಂದು ಹಿಗ್ಗುವ ತಂದೆ ಅದರ ಹಿಂದೆಯೇ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಸರಿಯಾದ ಪ್ರಮಾಣ ತಲುಪಿದೆಯೇ ಎಂದು ನೋಡಲು ಮುಂದಿನ ಬಾಟಲಿ ಹಚ್ಚುವ ಸ್ವಲ್ಪ ಮುಂಚೆ ರಕ್ತ ತೆಗೆಯಬೇಕು. ಹಚ್ಚಿದ ಮರುದಿನ ತೆಗೆದ ರಕ್ತ ಸುಳ್ಳು ಧೈರ್ಯ ಕೊಡುತ್ತದೆ. ನೂರು ಮಿಲಿಲೀಟರ್ ರಕ್ತಸಾರದಲ್ಲಿ ಐಜಿಜಿ 400 ಮಿಲಿಗ್ರಾಮಿಗಿಂತ ಕೆಳಗಿಳಿಯುವುದನ್ನು ವೈದ್ಯರು ಎಚ್ಚರಿಕೆಯ ಗೆರೆಯೆಂದು ಪರಿಗಣಿಸುತ್ತಾರೆ. ನಮ್ಮ ಹುಡುಗಿಯದು ಮೊದಲ ಬಾಟಲಿಗೆ ಮುನ್ನ 210 ಇತ್ತು, ಜೊತೆಗೆ ನ್ಯುಮೋನಿಯಾ ಆಗಿತ್ತು.

ಬಾಟಲಿಯ ಶಕ್ತಿಗೂ ಮಿತಿಯಿದೆ. ಅದರಲ್ಲಿರುವುದು ಬಹುಪಾಲು ಐಜಿಜಿ ಮಾತ್ರ. ಮೂಗು, ಗಂಟಲು, ಕರುಳಿನ ಒಳಪದರವನ್ನು ಕಾಯುವ ಐಜಿಎ ಅದರಿಂದ ತುಂಬುವುದಿಲ್ಲ. ಆದ್ದರಿಂದ ಬಾಟಲಿ ಹಚ್ಚಿಸಿಕೊಂಡವರಿಗೂ ನೆಗಡಿ, ಸೈನಸ್ ತೊಂದರೆ ಬರಬಹುದು. ಔಷಧ ಫಲಿಸಲಿಲ್ಲವೆಂದು ನಿಲ್ಲಿಸಬಾರದು. ಜ್ವರ ಬಂದರೆ ಮನೆಯಲ್ಲಿ ಕಾದು ನೋಡದೆ ಆಸ್ಪತ್ರೆಗೆ ಹೋಗಬೇಕು. ಬಾಟಲಿಯನ್ನು ವೇಗವಾಗಿ ಹರಿಯಬಿಟ್ಟರೆ ಚಳಿ, ತಲೆನೋವು, ಜ್ವರ ಬರುತ್ತವೆ. ಮೊದಲು ನಿಧಾನವಾಗಿ ಆರಂಭಿಸಿ, ಸಾಕಷ್ಟು ನೀರು ಕುಡಿಸಿದರೆ ಬಹಳ ಮಂದಿಗೆ ಸರಾಗ. ಮೂತ್ರಪಿಂಡಕ್ಕೆ ತೊಂದರೆ, ರಕ್ತ ಹೆಪ್ಪುಗಟ್ಟುವಿಕೆ ಅಪರೂಪವಾದರೂ ಇಲ್ಲದಿಲ್ಲ. ಸೊಲ್ಲಾಪುರದಲ್ಲಿಯೇ ಹಚ್ಚಿಸಲು ಸಾಧ್ಯವಾದರೆ ಪ್ರತಿ ಬಾರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತು ಮುಂಬಯಿಗೆ ಹೋಗುವ ಶ್ರಮ ತಪ್ಪುತ್ತದೆ. ಆದರೆ ಹಚ್ಚುವವರು ವೇಗದ ಪಟ್ಟಿಯನ್ನು ತಜ್ಞರಿಂದ ಬರೆಸಿಕೊಂಡಿರಬೇಕು. ಈ ಕುಟುಂಬ ಮುಂಬಯಿಯಿಂದ ಔಷಧ ತರುವಾಗ ಮಂಜುಗಡ್ಡೆಯ ಡಬ್ಬಿಯಲ್ಲಿ ತರುತ್ತದೆ. ತಣ್ಣಗಿರಬೇಕು, ಹೆಪ್ಪುಗಟ್ಟಬಾರದು, ಎಷ್ಟು ಶಾಖದಲ್ಲಿ ಇಡಬೇಕೆಂಬುದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ಹುಡುಗಿಯ ತಾಯಿ ಪ್ರತಿ ಬಾಟಲಿಯ ಹೆಸರು, ತಂಡದ ಸಂಖ್ಯೆ, ಆರಂಭಿಸಿದ ವೇಳೆ, ಆ ರಾತ್ರಿಯ ಜ್ವರ ಇಷ್ಟನ್ನೂ ಇನ್ನೂರು ಪುಟದ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನನ್ನ ಇಪ್ಪತ್ತು ವರ್ಷಗಳ ವಕೀಲಿಕೆಯಲ್ಲಿ ಅಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು ನೋಡಿದ್ದು ಕಡಿಮೆ.

ಇಲ್ಲೊಂದು ಎಚ್ಚರಿಕೆ ಬೇಕು. ಇಮ್ಯುನೊಥೆರಪಿ ಎಂಬ ಹೆಸರು ಕೇಳಿದೊಡನೆ ಎಲ್ಲರಿಗೂ ಈ ಬಾಟಲಿ ಬೇಕೆಂದು ತಿಳಿಯಬಾರದು. ಶ್ವಾಸಕೋಶ ಮೊದಲಾದ ಅಂಗಗಳ ಕ್ಯಾನ್ಸರಿಗೆ ಕೊಡುವ, ಟಿ ಕಣಗಳ ತಡೆಯನ್ನು ಸಡಿಲಿಸುವ ಪೆಂಬ್ರೊಲಿಜುಮಾಬಿನಂಥ ಔಷಧಗಳು ಬಿ ಕಣಗಳನ್ನು ಅಳಿಸುವಂಥವಲ್ಲ. ಬಿ ಕಣಗಳನ್ನೇ ಗುರಿಯಾಗಿಸುವ ರಿಟುಕ್ಸಿಮಾಬ್, ಸಿಡಿ19 ಕಾರ್-ಟಿ, ಮಯಲೋಮಾಕ್ಕೆ ಬಂದಿರುವ ಹೊಸ ಔಷಧಗಳು ಇವುಗಳಲ್ಲಿ ಪ್ರತಿಕಾಯಗಳ ಮಟ್ಟವನ್ನು ಗಮನಿಸಬೇಕು. ಮಟ್ಟ ಇಳಿದ ಮಾತ್ರಕ್ಕೇ ವಯಸ್ಕರೆಲ್ಲರಿಗೂ ಕೊಡುವುದಿಲ್ಲ. ಗಂಭೀರ ಸೋಂಕು ಬಂದಿದೆಯೇ, ಮತ್ತೆ ಮತ್ತೆ ಬರುತ್ತಿದೆಯೇ ಎಂದು ನೋಡುತ್ತಾರೆ. ಜನ್ಮತಃ ಪ್ರತಿಕಾಯದ ಕೊರತೆಯಿದ್ದು ಮೊದಲೇ ಬಾಟಲಿ ಪಡೆಯುತ್ತಿದ್ದವರಿಗೆ ಕ್ಯಾನ್ಸರ್ ಬಂದರೆ ಯಾವ ಚಿಕಿತ್ಸೆಯಾದರೂ ಬಾಟಲಿಯನ್ನು ಬಿಡುವಂತಿಲ್ಲ. ಸಾವಿರ ಜನರ ಪ್ಲಾಸ್ಮಾ ಸೇರಿ ಆದ ವಸ್ತು ಇದು. ನಿಶ್ಶಕ್ತಿಗೆಂದು ಟಾನಿಕ್ಕಿನ ಹಾಗೆ ಹಚ್ಚಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿಮಾ ಕಂಪನಿಗೆ ಅದು ಟಾನಿಕ್ಕಾಗಿ ಕಂಡದ್ದರಲ್ಲಿ ಅಂಥವರ ಪಾಲೂ ಇದೆ.

ಇನ್ನು ಕಾನೂನಿನ ಮಾತು. ಆರೋಗ್ಯ ವಿಮೆಯಲ್ಲಿ ಹೊರಗಿಡಬಹುದಾದ ವಿಷಯಗಳ ಪದಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿಯೇ ಏಕರೂಪಗೊಳಿಸಿದೆ. ಅದರಲ್ಲಿ ಹೊರಗಿಟ್ಟಿರುವುದು ಆಹಾರಪೂರಕಗಳನ್ನು, ಮತ್ತು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಜೀವಸತ್ವ ಮುಂತಾದವುಗಳನ್ನು. ಅವೂ ಆಸ್ಪತ್ರೆವಾಸದ ಇಲ್ಲವೇ ದಿನದ ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆದುಕೊಟ್ಟಿದ್ದರೆ ಹೊರಗುಳಿಯುವುದಿಲ್ಲ. ತಜ್ಞರ ಚೀಟಿಯಿಲ್ಲದೆ, ಆಸ್ಪತ್ರೆಯ ಹಾಸಿಗೆಯಿಲ್ಲದೆ ಹಚ್ಚಲಾಗದ ಪ್ಲಾಸ್ಮಾ ಔಷಧವನ್ನು ಪೂರಕವೆಂದು ಕರೆಯಲು ಆ ಮಾತುಗಳಲ್ಲಿ ಎಡೆಯಿಲ್ಲ. ನಾನು ವೈದ್ಯರಿಂದ ಒಂದು ಪುಟದ ಪ್ರಮಾಣಪತ್ರ ಬರೆಸಿದೆ: ಮೂಲ ರೋಗ, ಕಾರ್-ಟಿ ಪಡೆದ ದಿನಾಂಕ, ಬಿ ಕಣಗಳಿಲ್ಲವೆಂಬ ವರದಿ, ಐಜಿಜಿ ಮಟ್ಟ, ಬಂದ ಸೋಂಕು, ಈ ಕೊರತೆ ಚಿಕಿತ್ಸೆಯ ನೇರ ಪರಿಣಾಮವೆಂಬ ಸ್ಪಷ್ಟ ವಾಕ್ಯ, ಎಷ್ಟು ಕಾಲ ಬೇಕಾಗಬಹುದೆಂಬ ಅಂದಾಜು. ಈ ಕಾಗದವನ್ನು ಚಿಕಿತ್ಸೆಗೆ ಮುಂಚೆಯೇ ಕೇಳಿ ಪಡೆದಿದ್ದರೆ ಅರ್ಧ ತಕರಾರು ಹುಟ್ಟುತ್ತಲೇ ಇರಲಿಲ್ಲ. ಕಾರ್-ಟಿಯ ಖರ್ಚಿನ ಅಂದಾಜು ಕೊಡುವ ದಿನವೇ, ಆಮೇಲಿನ ಬಾಟಲಿಗಳ ಅಂದಾಜನ್ನೂ ಕೇಳಬೇಕೆಂದು ಈ ಕುಟುಂಬಕ್ಕೆ ಹೇಳಿದವರು ಯಾರೂ ಇರಲಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ನಿಗದಿತ ಅವಧಿಯೊಳಗೆ ಬಿದ್ದ ಬಾಟಲಿಗಳ ಹಣವನ್ನು ಕಂಪನಿ ಕೊಟ್ಟಿತು. ಉಳಿದವಕ್ಕೆ, ಇಪ್ಪತ್ತನಾಲ್ಕು ಗಂಟೆ ಒಳರೋಗಿಯಾಗಿರಲಿಲ್ಲ ಎಂಬ ಹೊಸ ಆಕ್ಷೇಪ ಎತ್ತಿತು. ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಪಾಲಿಸಿಯ ದಿನದ ಚಿಕಿತ್ಸೆಯ ಪಟ್ಟಿಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಈಗ ವಿಷಯ ವಿಮಾ ಲೋಕಪಾಲರ ಮುಂದಿದೆ. ಕಂಪನಿಗೆ ಬರೆದು, ಅದು ತಿರಸ್ಕರಿಸಿದರೆ ಅಥವಾ ಒಂದು ತಿಂಗಳು ಸುಮ್ಮನಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. ಸೊಲ್ಲಾಪುರದವರಿಗೆ ಪುಣೆಯ ಕಚೇರಿ. ಶುಲ್ಕವಿಲ್ಲ. ವಕೀಲರ ಮೂಲಕ ಅಲ್ಲ, ವಿಮೆದಾರರೇ ದೂರು ಕೊಡಬೇಕು. ನನ್ನ ವೃತ್ತಿಗೆ ಅಲ್ಲಿ ಕೆಲಸವಿಲ್ಲವೆಂದು ನಾನೇ ಸಂತೋಷದಿಂದ ಹೇಳಬೇಕಾದ ಸ್ಥಳ ಅದೊಂದೇ.

ವಿಮೆ ಇಲ್ಲದವರು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಆರೋಗ್ಯಮಿತ್ರರನ್ನು ಆಸ್ಪತ್ರೆಯಲ್ಲಿಯೇ ಕಂಡು, ತಮ್ಮ ಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆಂದು ಬರಹದಲ್ಲಿ ಕೇಳಬೇಕು. ಇದಲ್ಲದೆ ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾನೂನಿನ 41ಎಎ ಕಲಮು ಇದೆ. ಅದರಡಿ ಧರ್ಮಾರ್ಥ ಆಸ್ಪತ್ರೆಗಳು ಶೇಕಡಾ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೂ ಶೇಕಡಾ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು; ಬಿಲ್ಲುಗಳ ಶೇಕಡಾ 2ನ್ನು ಬಡ ರೋಗಿಗಳ ನಿಧಿಗೆ ಕಟ್ಟಬೇಕು. ತಹಸೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು ಕೈಯಲ್ಲಿರಲಿ. ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ರಕ್ತದ ಮೂರು ವ್ಯಾಧಿಗಳನ್ನು, ಅಂದರೆ ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳನ್ನು, ಹೆಸರಿಸಿದೆ. ಪ್ರತಿಕಾಯದ ಕೊರತೆಯನ್ನು ಹೆಸರಿಸಿಲ್ಲ. ಆದ್ದರಿಂದ ಈ ಮಗುವಿಗೆ ಶಾಲೆಯಲ್ಲಿ ದೊರೆಯುವ ಅನುಕೂಲವೆಲ್ಲ ಗುರುಗಳ ಸೌಜನ್ಯದ ಮೇಲೆ ನಿಂತಿದೆ.

ಸೌಜನ್ಯಕ್ಕೆ ನಮ್ಮ ಶಾಲೆಯಲ್ಲಿ ಬರವಿಲ್ಲ. ಚಿಕಿತ್ಸೆಯಲ್ಲಿ ಒಂದು ವರ್ಷ ಕಳೆದುಕೊಂಡ ಹುಡುಗಿ ಜೂನಿನಲ್ಲಿ ಹತ್ತನೆಯ ತರಗತಿಗೆ ಸೇರಿದಳು. ಕಿಟಕಿಯ ಪಕ್ಕದ ಬೆಂಚು ಅವಳದು. ಹಾಜರಿಯ ಕೊರತೆಯ ಬಗ್ಗೆ ಮುಖ್ಯೋಪಾಧ್ಯಾಯರು ವೈದ್ಯಕೀಯ ಕಾಗದಗಳೊಂದಿಗೆ ಮೊದಲೇ ಮಂಡಳಿಗೆ ಬರೆದರು. ದೀಪಾವಳಿಯ ಮುಂಚೆ ಎಂಟನೆಯ ತರಗತಿಯಲ್ಲಿ ಇಬ್ಬರಿಗೆ ಅಮ್ಮ ಎದ್ದಾಗ ವರ್ಗಶಿಕ್ಷಕಿ ಆ ದಿನವೇ ಮನೆಗೆ ಫೋನು ಮಾಡಿದರು. ಹುಡುಗಿಗೆ ಬಾಟಲಿ ಹಚ್ಚಿ ಒಂಬತ್ತು ದಿನವಾಗಿತ್ತು. ಮೂರು ವಾರದೊಳಗೆ ಪೂರ್ಣ ಪ್ರಮಾಣ ಪಡೆದಿದ್ದರಿಂದ ದಾನಿಗಳ ಪ್ರತಿಕಾಯಗಳೇ ಕಾಯುತ್ತವೆ, ಬೇರೆ ಚುಚ್ಚುಮದ್ದು ಬೇಡ ಎಂದರು ವೈದ್ಯರು. ಹಾಗೆಯೇ ಆಯಿತು.

ಲಸಿಕೆಯ ವಿಷಯದಲ್ಲಿ ಪಾಲಕರು ಗೊಂದಲಕ್ಕೆ ಬೀಳಬಾರದು. ಬಾಟಲಿಯಲ್ಲಿರುವ ಪ್ರತಿಕಾಯಗಳು ದಡಾರದ ಜೀವಂತ ಲಸಿಕೆಯನ್ನು ವ್ಯರ್ಥಗೊಳಿಸುತ್ತವೆ. ಬಿ ಕಣಗಳಿಲ್ಲದವರಿಗೆ ಜೀವಂತ ಲಸಿಕೆ ಅಪಾಯಕಾರಿಯೂ ಹೌದು. ಆದ್ದರಿಂದ ಈ ಹುಡುಗಿಗೆ ತಜ್ಞರನ್ನು ಕೇಳದೆ ಯಾವ ಲಸಿಕೆಯೂ ಇಲ್ಲ. ಆದರೆ ಅವಳ ತಮ್ಮನಿಗೆ, ಸಹಪಾಠಿಗಳಿಗೆ ಎಲ್ಲ ಲಸಿಕೆಗಳೂ ಆಗಿರಲೇಬೇಕು. ಅವರು ರೋಗ ತರದಿದ್ದರೆ ಅವಳಿಗೆ ರೋಗವಿಲ್ಲ. ಒಂದೇ ಒಂದು ಅಪವಾದ ಪೋಲಿಯೋ ಹನಿ. ಅದರ ಜೀವಂತ ವೈರಾಣು ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಅದೇ ಮನೆಯಲ್ಲಿರುವ ಚಿಕ್ಕಪ್ಪನ ಮೂರು ವರ್ಷದ ಕೂಸಿಗೆ ಹನಿಯ ಬದಲು ಪೋಲಿಯೋ ಚುಚ್ಚುಮದ್ದು ಕೊಡಿಸಲು ವೈದ್ಯರು ಚೀಟಿ ಬರೆದುಕೊಟ್ಟರು. ಪಲ್ಸ್ ಪೋಲಿಯೋ ಭಾನುವಾರ ಮನೆಗೆ ಬಂದ ಆಶಾ ಕಾರ್ಯಕರ್ತೆಗೆ ಅಜ್ಜಿ ಆ ಚೀಟಿಯನ್ನು ತೋರಿಸಿ, "ನಮ್ಮ ಕೂಸಿಗಿ ಸೂಜಿ ಆಗೇದವ್ವಾ, ಹನಿ ಬ್ಯಾಡ ಅಂದಾರ," ಎಂದರಂತೆ. ಆಕೆ ಓದಿ, ಬರೆದುಕೊಂಡು ಹೋದರು.

ಮಾರ್ಚಿನಲ್ಲಿ ಮಂಡಳಿಯ ಪರೀಕ್ಷೆ. ವೇಳಾಪಟ್ಟಿ ಬಂದ ದಿನ ತಂದೆ ಮತ್ತೆ ನನ್ನ ಕಚೇರಿಗೆ ಬಂದು ಅದನ್ನು ಮೇಜಿನ ಮೇಲೆ ಹರಡಿದರು. ಮುಂದಿನ ಬಾಟಲಿಯ ಸರದಿ ಸರಿಯಾಗಿ ಕನ್ನಡ ಪತ್ರಿಕೆಯ ಹಿಂದಿನ ದಿನಕ್ಕೆ ಬೀಳುತ್ತದೆ. ಹಚ್ಚಿದ ಮರುದಿನ ಅವಳಿಗೆ ತಲೆನೋವು ಇದ್ದದ್ದೇ. ಮುಂಬಯಿಗೆ ಫೋನು ಮಾಡಿದೆವು. ಐದು ದಿನ ಮುಂಚೆಯೇ ಹಚ್ಚಿಸಿ, ತೊಂದರೆಯಿಲ್ಲ ಎಂದರು. ಅವರು ತಮ್ಮ ಪಂಚಾಂಗದಲ್ಲಿ ಆ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿಕೊಂಡರು.